ದೀಪಸ್ತಂಭದ ಕಲ್ಲಿನಿಂದ ಎದ್ದ ಕೋಟೆ

ಈಜಿಪ್ಟ್ ಎಂದ ಕೂಡಲೇ ನಮಗೆ ನೆನಪಾಗುವುದು ಪಿರಮಿಡ್‌ಗಳು, ಫಿರ್‌ಔನನ ಅಹಂಕಾರ, ಹಸುಗೂಸಾದ ಮೂಸಾ(ಅ)ರನ್ನು ಹೊತ್ತು ಸಾಗಿದ ನೈಲ್ ನದಿ, ಸಾವಿರ ವರ್ಷ ದಾಟಿದ ಅಲ್-ಅಝ್‌ಹರ್. ಕೈರೋ ನೋಡಿದರೆ ಈಜಿಪ್ಟನ್ನೇ ನೋಡಿದಂತಾಯಿತು ಎಂದು ಮರಳಿ ಬರುವವರುಂಟು. ಆದರೆ ಕೈರೋದಿಂದ ವಾಯವ್ಯ ದಿಕ್ಕಿಗೆ ಸುಮಾರು 220 ಕಿಲೋಮೀಟರ್ ಹೋದರೆ ಮರಳುಗಾಡು ಮುಗಿದು ನೀಲಿ ಸಮುದ್ರ ಎದುರಾಗುತ್ತದೆ. ಅದು ಮೆಡಿಟರೇನಿಯನ್. ಅದರ ದಡದಲ್ಲಿರುವ ಊರೇ ಅಲೆಕ್ಸಾಂಡ್ರಿಯಾ, ಅರಬಿಯಲ್ಲಿ ಇಸ್ಕಂದರಿಯ್ಯ. ಓದುಗ ಸಹೋದರಿಯರೇ, ಇಂದು ಆ ಊರಿನ ಒಂದೇ ಒಂದು ಕಟ್ಟಡದೊಳಗೆ ಒಟ್ಟಿಗೆ ನಡೆದು ಬರೋಣ. ಅದು ಸುಲ್ತಾನ ಕಾಯ್ತ್‌ಬಾಯ್ 15ನೇ ಶತಮಾನದಲ್ಲಿ ಕಟ್ಟಿಸಿದ ಕಡಲ ಕೋಟೆ.

ಊರಿನ ಉತ್ತರಕ್ಕೆ ಸಮುದ್ರವು ಅರ್ಧಚಂದ್ರಾಕಾರದಲ್ಲಿ ಒಳಗೆ ಬಾಗಿದೆ. ಅದರ ಉದ್ದಕ್ಕೂ ಕಾರ್ನಿಷ್ ಎಂಬ ಕಡಲತೀರದ ರಸ್ತೆ. ಸಂಜೆಯ ಹೊತ್ತು ಮಕ್ಕಳು ಮರಿಗಳೊಂದಿಗೆ ಕುಟುಂಬಗಳು ಇಲ್ಲಿ ಗಾಳಿಗೆ ಬಂದು ಕುಳಿತಿರುತ್ತವೆ. ಈ ರಸ್ತೆಯಲ್ಲಿ ಪಶ್ಚಿಮಕ್ಕೆ ನಡೆಯುತ್ತಾ ಹೋದರೆ ಅರ್ಧಚಂದ್ರದ ಕೊನೆಯ ತುದಿಯಲ್ಲಿ, ಮೂರು ಕಡೆ ನೀರಿನ ನಡುವೆ, ತಿಳಿ ಹಳದಿ ಕಲ್ಲಿನ ಚೌಕಾಕಾರದ ಕೋಟೆ ಕಾಣಿಸುತ್ತದೆ. ದಾರಿಯಲ್ಲಿ ಅನ್ಫೂಶಿ ಎಂಬ ಬೀದಿಗಳ ಕಡೆ ಅಬುಲ್ ಅಬ್ಬಾಸ್ ಅಲ್-ಮುರ್ಸಿಯವರ ದೊಡ್ಡ ಮಸೀದಿಯಿದೆ. ಅದರ ಹತ್ತಿರದಲ್ಲೇ ಇಮಾಮ್ ಬೂಸೀರಿಯವರ ಮಸೀದಿ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳು ಕೇಳುತ್ತಾ ಬೆಳೆಯುವ ಕಸೀದತುಲ್ ಬುರ್ದಾವನ್ನು ರಚಿಸಿದವರು ಇವರೇ. ಅಲ್ಲಿಂದ ಮುಂದೆ ಮೀನುಗಾರರ ದೋಣಿಗಳು, ಬಲೆ ಹೆಣೆಯುವವರು, ಕೊನೆಗೆ ಕೋಟೆಯ ಬಾಗಿಲು.

ಬಾಗಿಲನ್ನು ದಾಟುವ ಮುನ್ನ ಸ್ವಲ್ಪ ನಿಲ್ಲಿ. ಏಕೆಂದರೆ ನೀವು ನಿಂತ ನೆಲದ ಕಥೆ ಕೋಟೆಗಿಂತ ಬಹಳ ಹಳೆಯದು.

ಮನಾರ: ಬೆಳಕಿನ ಗೋಪುರ

ಈ ತುದಿ ಒಂದು ಕಾಲದಲ್ಲಿ ಫಾರೋಸ್ ಎಂಬ ದ್ವೀಪವಾಗಿತ್ತು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ, ಈಜಿಪ್ಟನ್ನು ಆಳುತ್ತಿದ್ದ ಗ್ರೀಕ್ ಮೂಲದ ಟಾಲೆಮಿ ದೊರೆಗಳು ಇಲ್ಲಿ ಒಂದು ದೀಪಸ್ತಂಭ ಕಟ್ಟಿಸಿದರು. ಅದರ ಎತ್ತರ 100 ಮೀಟರಿಗೂ ಹೆಚ್ಚು. ಕೆಳಗೆ ಚೌಕ, ನಡುವೆ ಎಂಟು ಮೂಲೆ, ಮೇಲೆ ದುಂಡು, ಹೀಗೆ ಮೂರು ಅಂತಸ್ತು. ಪ್ರಾಚೀನ ಜಗತ್ತಿನ ಏಳು ಅದ್ಭುತಗಳ ಪಟ್ಟಿಯಲ್ಲಿ ಇದೂ ಸೇರಿತು. ಇಸ್ಕಂದರಿಯ್ಯದ ಕಡಲತೀರ ತಗ್ಗಾದುದು. ದೂರದಿಂದ ಬರುವ ನಾವಿಕನಿಗೆ ಗುರುತು ಹಿಡಿಯಲು ಅಲ್ಲಿ ಬೆಟ್ಟವಿಲ್ಲ, ಗುಡ್ಡವಿಲ್ಲ. ನೀರಿನಡಿಯಲ್ಲಿ ಬಂಡೆಗಳ ಸಾಲು ಬೇರೆ. ಹಗಲಲ್ಲಿ ಆ ಗೋಪುರವೇ ಅವನ ಗುರುತು, ರಾತ್ರಿ ಅದರ ಬೆಂಕಿಯೇ ಅವನ ದಾರಿ.

ಕ್ರಿ.ಶ. 641-42ರ ಸುಮಾರಿಗೆ ಅಮ್ರ್ ಬಿನ್ ಆಸ್(ರ)ರ ನೇತೃತ್ವದಲ್ಲಿ ಮುಸ್ಲಿಮರು ಈ ಊರಿಗೆ ಬಂದಾಗ ಗೋಪುರಕ್ಕೆ ಆಗಲೇ 900 ವರ್ಷ ವಯಸ್ಸು. ಅವರು ಅದನ್ನು ಕೆಡವಲಿಲ್ಲ. ಮುಂದಿನ ಆಡಳಿತಗಾರರು ಭೂಕಂಪದಿಂದ ಜಖಂ ಆದಾಗಲೆಲ್ಲ ದುರಸ್ತಿ ಮಾಡಿಸುತ್ತಾ ಬಂದರು. ಅರಬರು ಅದನ್ನು ಕರೆದದ್ದು ‘ಮನಾರ’ ಎಂದು. ನೂರ್ ಎಂಬ ಮೂಲದಿಂದ ಬಂದ ಪದವದು, ಬೆಳಕಿನ ಸ್ಥಳ ಎಂದರ್ಥ. ನಮ್ಮ ಮಸೀದಿಯ ಮಿನಾರ ಎಂಬ ಪದವೂ ಅದೇ. ಚೌಕ, ಅಷ್ಟಕೋನ, ದುಂಡು ಎಂದು ಮೇಲೇರುವ ಈಜಿಪ್ಟಿನ ಮಿನಾರಗಳ ರೂಪಕ್ಕೂ ಈ ಗೋಪುರವೇ ಮಾದರಿಯಾಗಿರಬಹುದೆಂದು ವಾದಿಸಿದ ವಿದ್ವಾಂಸರಿದ್ದಾರೆ.

1183ರಲ್ಲಿ ಹಜ್ಜ್ ಯಾತ್ರೆಗೆಂದು ಅಂದಲೂಸಿಯಾದಿಂದ ಹೊರಟ ಇಬ್ನ್ ಜುಬೈರ್ ಇಲ್ಲಿ ಇಳಿದರು. ಗೋಪುರದ ಮೇಲೇರಿದರು. ತುದಿಯಲ್ಲಿ ಒಂದು ಮಸೀದಿಯಿತ್ತು, ಅದರಲ್ಲಿ ನಮಾಝ್ ಮಾಡಿದೆವು ಎಂದು ಬರೆದಿಟ್ಟಿದ್ದಾರೆ. ಕಲ್ಪಿಸಿಕೊಳ್ಳಿ. ಕೆಳಗೆ ಅಲೆಗಳು, ಮೇಲೆ ಆಕಾಶ, ನಡುವೆ ಸುಜೂದ್‌ನಲ್ಲಿ ಬಾಗಿದ ಒಬ್ಬ ಯಾತ್ರಿಕ.

ಇಬ್ನ್ ಬತೂತಾರು ಇಲ್ಲಿಗೆ ಎರಡು ಸಲ ಬಂದರು. 1326ರಲ್ಲಿ ಬಂದಾಗ ಗೋಪುರದ ಒಂದು ಪಾರ್ಶ್ವ ಕುಸಿದಿತ್ತು. ಆದರೂ ಒಳಗೆ ಹೋಗಿ ಗೇಣು ಹಾಕಿ ಅಳೆದರು. ಒಂದೊಂದು ಬದಿಯೂ 140 ಗೇಣು ಎಂದು ದಾಖಲಿಸಿದರು. ಲೋಕವನ್ನೆಲ್ಲ ಸುತ್ತಿ 1349ರಲ್ಲಿ ಮತ್ತೆ ಬಂದಾಗ ಬಾಗಿಲ ತನಕ ಹೋಗುವುದೂ ಸಾಧ್ಯವಿರಲಿಲ್ಲ. ಅಷ್ಟು ಹಾಳಾಗಿತ್ತು. 1303ರ ಭೂಕಂಪವೇ ಅದಕ್ಕೆ ದೊಡ್ಡ ಪೆಟ್ಟು ಕೊಟ್ಟಿತ್ತು. ಪಕ್ಕದಲ್ಲೇ ಅಂಥದೇ ಇನ್ನೊಂದು ಗೋಪುರ ಕಟ್ಟಿಸಲು ಸುಲ್ತಾನ ಅನ್-ನಾಸಿರ್ ಆರಂಭಿಸಿದ್ದನಂತೆ, ಮುಗಿಸುವ ಮೊದಲೇ ತೀರಿಕೊಂಡ.

ನಮ್ಮ ಕಾಳುಮೆಣಸು, ಅವರ ಬಂದರು

ದೀಪ ಆರಿತು, ಆದರೆ ಹಡಗುಗಳು ನಿಲ್ಲಲಿಲ್ಲ. ಅದಕ್ಕೆ ಕಾರಣ ನಿಮ್ಮ ಅಡುಗೆಮನೆಯ ಡಬ್ಬದಲ್ಲಿದೆ. ಕಾಳುಮೆಣಸು!

ಮಲಬಾರಿನ ಹಾಗೂ ನಮ್ಮ ಮಂಗಳೂರು, ಭಟ್ಕಳ, ಹೊನ್ನಾವರ ಕಡೆಯ ಮೆಣಸು ಮತ್ತು ಶುಂಠಿ ಅರಬಿ ಸಮುದ್ರ ದಾಟಿ ಏಡನ್ ಸೇರುತ್ತಿದ್ದವು. ಅಲ್ಲಿಂದ ಕೆಂಪು ಸಮುದ್ರದ ಮೂಲಕ ಮೇಲೆ ಸಾಗಿ, ಒಂಟೆಯ ಬೆನ್ನೇರಿ ನೈಲ್ ನದಿಗೆ, ದೋಣಿಯಲ್ಲಿ ಕೈರೋಗೆ, ಕೊನೆಗೆ ಇಸ್ಕಂದರಿಯ್ಯಕ್ಕೆ. ವೆನಿಸಿನ ವ್ಯಾಪಾರಿಗಳು ಅಲ್ಲಿ ಕಾದಿರುತ್ತಿದ್ದರು. ಅವರಿಗೆ ತಂಗಲು ‘ಫುಂದುಕ್’ ಎಂಬ ದೊಡ್ಡ ವಸತಿಗೃಹಗಳಿದ್ದವು. ಕೆಳಗೆ ಗೋದಾಮು, ಮೇಲೆ ಕೋಣೆಗಳು. ರಾತ್ರಿ ಹೊತ್ತು ಮತ್ತು ಜುಮಾ ನಮಾಝಿನ ಸಮಯದಲ್ಲಿ ಅವುಗಳ ಬಾಗಿಲಿಗೆ ಹೊರಗಿನಿಂದ ಬೀಗ ಬೀಳುತ್ತಿತ್ತು. ಮೆಣಸಿನ ಮೇಲಿನ ಸುಂಕ ಸುಲ್ತಾನರ ಬೊಕ್ಕಸ ತುಂಬಿಸುತ್ತಿತ್ತು. 15ನೇ ಶತಮಾನದಲ್ಲಿ ಸುಲ್ತಾನ ಬರ್ಸ್‌ಬಾಯ್ ಮೆಣಸಿನ ವ್ಯಾಪಾರವನ್ನು ತನ್ನದೇ ಏಕಸ್ವಾಮ್ಯ ಮಾಡಿಕೊಂಡಿದ್ದ.

ಸಂಪತ್ತು ಇರುವಲ್ಲಿ ಕಣ್ಣು ಬೀಳುತ್ತದೆ. 1365ರ ಅಕ್ಟೋಬರಿನಲ್ಲಿ ಸೈಪ್ರಸ್ ದ್ವೀಪದ ದೊರೆ ಪೀಟರ್ ಹಡಗುಗಳ ದಂಡಿನೊಂದಿಗೆ ಬಂದು ಈ ಊರಿನ ಮೇಲೆ ಬಿದ್ದ. ಕೆಲವೇ ದಿನಗಳಲ್ಲಿ ಊರು ಲೂಟಿಯಾಯಿತು. ಸಾವಿರಾರು ಜನ ಸತ್ತರು, ಸಾವಿರಾರು ಜನ ಸೆರೆಯಾಗಿ ಒಯ್ಯಲ್ಪಟ್ಟರು. ಆ ಗಾಯ ಊರಿನ ನೆನಪಿನಿಂದ ಮಾಸಲಿಲ್ಲ. ಮುಂದೆ 1453ರಲ್ಲಿ ಉಸ್ಮಾನಿ ತುರ್ಕರು ಇಸ್ತಾಂಬುಲ್ ಗೆದ್ದು ಸಮುದ್ರದಲ್ಲಿ ಬಲಿಷ್ಠರಾದಾಗ ಕೈರೋದ ಮಮ್ಲೂಕ್ ಸುಲ್ತಾನರಿಗೆ ಇನ್ನೊಂದು ಆತಂಕ ಶುರುವಾಯಿತು. ಈ ಸಲ ಎದುರಿಗಿದ್ದವರು ಕಲಿಮಾ ಹೇಳುವ ಸಹೋದರರೇ. ಇದು ಆ ಕಾಲದ ದುಃಖಕರ ಸತ್ಯ.

50 ದೀನಾರಿನ ಗುಲಾಮ

ಈಗ ಕೋಟೆ ಕಟ್ಟಿಸಿದವನ ಬಗ್ಗೆ ತಿಳಿಯೋಣ. ಕಾಯ್ತ್‌ಬಾಯ್ ಹುಟ್ಟಿದ್ದು ಅರಮನೆಯಲ್ಲಲ್ಲ. ಕಪ್ಪು ಸಮುದ್ರದಾಚೆಯ ಸರ್ಕೇಶಿಯನ್ ಜನಾಂಗದ ಯುವಕ ಆತ. ಗುಲಾಮನಾಗಿ ಈಜಿಪ್ಟಿಗೆ ಬಂದ. 50 ದೀನಾರಿಗೆ ಮಾರಾಟವಾಗಿದ್ದನೆಂದು ಇತಿಹಾಸಕಾರರು ಹೇಳುತ್ತಾರೆ. ಸುಲ್ತಾನ ಜಕ್ಮಕ್ ಆತನನ್ನು ಬಿಡುಗಡೆ ಮಾಡಿದ. ‘ಮಮ್ಲೂಕ್’ ಎಂಬ ಪದಕ್ಕೆ ‘ಒಡೆತನಕ್ಕೆ ಒಳಪಟ್ಟವನು’ ಎಂದೇ ಅರ್ಥ. ಗುಲಾಮರಾಗಿ ಬಂದವರೇ ಸೈನಿಕರಾಗಿ, ಅಮೀರರಾಗಿ, ಸುಲ್ತಾನರಾಗುತ್ತಿದ್ದ ವಿಚಿತ್ರ ರಾಜ್ಯವದು. ಕಾಯ್ತ್‌ಬಾಯ್ ಮೆಟ್ಟಿಲು ಮೆಟ್ಟಿಲಾಗಿ ಏರಿ 1468ರಲ್ಲಿ ಸಿಂಹಾಸನವೇರಿದ. 1496ರಲ್ಲಿ ಮರಣ ಹೊಂದುವ ತನಕ 28 ವರ್ಷ ಆಳಿದ.

1477ರಲ್ಲಿ, ಅಂದರೆ ಹಿಜರಿ 882ರಲ್ಲಿ, ಆತ ಇಸ್ಕಂದರಿಯ್ಯಕ್ಕೆ ಭೇಟಿ ನೀಡಿದ. ಕುಸಿದ ದೀಪಸ್ತಂಭದ ಅಡಿಪಾಯವನ್ನು ನೋಡಿದ. ಅದೇ ಜಾಗದಲ್ಲಿ ಕೋಟೆ ಏಳಲಿ ಎಂದು ಆಜ್ಞಾಪಿಸಿದ. ಎರಡು ವರ್ಷಗಳಲ್ಲಿ, 1479ರಲ್ಲಿ, ಕೆಲಸ ಮುಗಿಯಿತು. ಲಕ್ಷಕ್ಕೂ ಹೆಚ್ಚು ದೀನಾರು ಖರ್ಚಾಯಿತೆಂದು ಹೇಳಲಾಗುತ್ತದೆ. ಕಲ್ಲು ಹುಡುಕಿ ದೂರ ಹೋಗಬೇಕಾಗಿರಲಿಲ್ಲ. ಬಿದ್ದ ಗೋಪುರದ ಕಲ್ಲುಗಳು ಅಲ್ಲೇ ಇದ್ದವು. ಹೀಗೆ ಬೆಳಕಿನ ಗೋಪುರದ ಅವಶೇಷಗಳು ಕಾವಲಿನ ಗೋಡೆಯೊಳಗೆ ಸೇರಿದವು.

ಬನ್ನಿ, ಒಳಗೆ ಹೋಗೋಣ

ಕೋಟೆಗೆ ಎರಡು ಸುತ್ತಿನ ಗೋಡೆಗಳಿವೆ. ಹೊರಗಿನದು ಅಲೆಗೆ ಮತ್ತು ಶತ್ರುವಿಗೆ ಎದೆಯೊಡ್ಡಿ ನಿಂತಿದೆ. ಒಳಗಿನ ಸುತ್ತಿನಲ್ಲಿ ಸಾಲಾಗಿ ಕಮಾನು ಬಾಗಿಲಿನ ಕೋಣೆಗಳು. ಇವು ಸೈನಿಕರ ವಸತಿ ಮತ್ತು ಆಯುಧ ಇಡುವ ಸ್ಥಳ. ಇವನ್ನು ದಾಟಿದರೆ ವಿಶಾಲವಾದ ಅಂಗಳ, ಅದರಲ್ಲಿ ಖರ್ಜೂರದ ಮರಗಳು. ಒಟ್ಟು ಕೋಟೆಯ ವಿಸ್ತೀರ್ಣ 17,550 ಚದರ ಮೀಟರ್, ಅಂದರೆ ನಾಲ್ಕು ಎಕರೆಗೂ ಹೆಚ್ಚು.

ಅಂಗಳದಾಚೆ ಕಾಣುವುದೇ ಮುಖ್ಯ ಬುರುಜು. ಪ್ರತಿ ಬದಿ 30 ಮೀಟರ್, ಎತ್ತರ 17 ಮೀಟರ್, ಮೂರು ಅಂತಸ್ತು. ನಾಲ್ಕು ಮೂಲೆಗಳಲ್ಲಿ ದುಂಡು ಗೋಪುರಗಳು. ಮೂಲೆ ಚೂಪಾಗಿದ್ದರೆ ಎದುರಾಳಿ ಅದರ ಮರೆಯಲ್ಲಿ ಅವಿತುಕೊಳ್ಳಬಹುದು, ಫಿರಂಗಿ ಗುಂಡು ಬಡಿದರೆ ಮೂಲೆ ಬೇಗ ಒಡೆಯಲೂಬಹುದು. ದುಂಡಾಗಿದ್ದರೆ ಗುಂಡು ಜಾರಿ ಹೋಗುತ್ತದೆ, ಒಳಗಿನವರಿಗೆ ಎಲ್ಲ ದಿಕ್ಕೂ ಕಾಣುತ್ತದೆ.

ಬುರುಜಿನ ಬಾಗಿಲಿಗೆ ಬಂದಾಗ ಚೌಕಟ್ಟನ್ನು ಗಮನಿಸಿ. ಗೋಡೆಯೆಲ್ಲ ತಿಳಿ ಬಣ್ಣದ ಸುಣ್ಣಕಲ್ಲು, ಬಾಗಿಲ ಚೌಕಟ್ಟು ಮಾತ್ರ ಕೆಂಪು ಗ್ರಾನೈಟ್. ಈ ಕೆಂಪು ಕಲ್ಲು ಸಿಗುವುದು ಈಜಿಪ್ಟಿನ ದಕ್ಷಿಣದ ತುದಿಯ ಅಸ್ವಾನ್‌ನಲ್ಲಿ. ಪ್ರಾಚೀನರು ಅದನ್ನು ನೈಲ್ ನದಿಯುದ್ದಕ್ಕೂ ಸಾಗಿಸಿ ತಂದಿದ್ದರು. ಗೋಡೆಯಲ್ಲಿ ಅಡ್ಡ ಮಲಗಿಸಿ ಹುದುಗಿಸಿದ ಕೆಂಪು ಕಂಬಗಳ ತುಂಡುಗಳೂ ಕಾಣುತ್ತವೆ. ಇಲ್ಲಿ ಮಕ್ಕಳಿದ್ದರೆ ಅವರ ಕೈಯಿಂದ ಮುಟ್ಟಿಸಿ ತೋರಿಸಿ. ಆ ಮೂಲೆಯಲ್ಲಿ ಮುಟ್ಟಿದ್ದು ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲು.

ಬಾಗಿಲ ಒಳಗೆ ಬಂದು ತಲೆ ಎತ್ತಿ ನೋಡಿದರೆ ಮೇಲೆ ತೆರೆದ ಕಂಡಿ. ಶತ್ರು ಬಾಗಿಲು ಒಡೆದು ಒಳನುಗ್ಗಿದರೆ ಮೇಲಿನಿಂದ ಕುದಿಯುವ ಎಣ್ಣೆ ಸುರಿಯುವ ವ್ಯವಸ್ಥೆ. ಭಯ ಮನುಷ್ಯನಿಗೆ ಏನೆಲ್ಲ ಕಲಿಸುತ್ತದೆ!

ಆದರೆ ಇನ್ನು ನಾಲ್ಕು ಹೆಜ್ಜೆ ಮುಂದೆ ಹೋದರೆ ನೀವು ಮಸೀದಿಯೊಳಗಿರುತ್ತೀರಿ. ಇದು ಈ ಕೋಟೆಯ ಅತ್ಯಂತ ಸುಂದರ ಭಾಗ. ಬುರುಜಿನ ಕೆಳ ಅಂತಸ್ತಿನ ನಡುಭಾಗವೇ ಮಸೀದಿ. ಮಧ್ಯದಲ್ಲಿ ಚೌಕ ಅಂಗಳ, ನೆಲಕ್ಕೆ ಬಣ್ಣ ಬಣ್ಣದ ಅಮೃತಶಿಲೆಯ ಜೋಡಣೆ, ನಾಲ್ಕು ದಿಕ್ಕಿಗೆ ನಾಲ್ಕು ಈವಾನ್‌ಗಳು, ಅಂದರೆ ಒಂದು ಮುಖ ತೆರೆದಿರುವ ಕಮಾನಿನ ಪಡಸಾಲೆಗಳು. ಕೈರೋದ ದೊಡ್ಡ ಮದ್ರಸಾಗಳ ನಕ್ಷೆಯೂ ಇದೇ. ಅಲ್ಲಿ ನಾಲ್ಕು ಈವಾನ್‌ಗಳೆಂದರೆ ನಾಲ್ಕು ಮದ್‌ಹಬ್‌ಗಳ ಪಾಠ. ಇಲ್ಲಿ ಆ ನಕ್ಷೆಯನ್ನು ಸೈನಿಕರ ಗೋಪುರದೊಳಗೆ ಕೂರಿಸಿದ್ದಾರೆ. ಅಂಗಳದ ಮೇಲೆ ಛಾವಣಿಯಿಲ್ಲದ ಬಾವಿಯಂಥ ತೆರಪು ಮೇಲಿನ ಅಂತಸ್ತುಗಳನ್ನು ಹಾದು ಹೋಗುತ್ತದೆ. ಅದರಿಂದಲೇ ಬೆಳಕು, ಅದರಿಂದಲೇ ಗಾಳಿ. ಮಸೀದಿಯ ಸುತ್ತ ಓಡಾಟದ ಓಣಿಗಳಿವೆ. ಯುದ್ಧದ ವೇಳೆ ಸೈನಿಕರು ನಮಾಝ್ ಮಾಡುವವರನ್ನು ದಾಟದೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಬಹುದು. ಈ ಮಸೀದಿಗೆ ಒಂದು ಕಾಲದಲ್ಲಿ ಮಿನಾರವೂ ಇತ್ತು. ಈಗ ಇಲ್ಲ.

ಇನ್ನು ಮೇಲಕ್ಕೆ. ಎರಡನೆಯ ಅಂತಸ್ತಿನಲ್ಲಿ ಓಣಿಗಳು, ಸಭಾಂಗಣಗಳು, ಒಳಕೋಣೆಗಳು. ಪ್ರತಿ ಕಿಟಕಿಯೂ ಒಳಗಡೆ ಅಗಲ, ಹೊರಗಡೆ ಬೆರಳಿನಷ್ಟು ಸೀಳು. ಒಳಗಿನವನಿಗೆ ಕಡಲೆಲ್ಲ ಕಾಣುತ್ತದೆ, ಹೊರಗಿನವನಿಗೆ ಒಳಗಿನವನು ಕಾಣುವುದಿಲ್ಲ. ಮೂರನೆಯ ಅಂತಸ್ತಿನಲ್ಲಿ ‘ಸುಲ್ತಾನನ ಪೀಠ’ ಎಂದು ಕರೆಯುವ ಕೋಣೆಯಿದೆ. ಒಂದು ದಿನದ ಪಯಣದಷ್ಟು ದೂರದ ಹಡಗುಗಳನ್ನೂ ಅಲ್ಲಿಂದ ನೋಡಬಹುದಿತ್ತೆಂದು ಹೇಳುತ್ತಾರೆ. ಅದೇ ಅಂತಸ್ತಿನಲ್ಲಿ ಸೈನಿಕರಿಗೆ ರೊಟ್ಟಿ ಸುಡುವ ಒಲೆ ಮತ್ತು ಧಾನ್ಯ ಬೀಸುವ ಗಿರಣಿಯ ಸ್ಥಳವೂ ಇತ್ತು. ಕೆಳಗೆ ನೀರಿನ ತೊಟ್ಟಿ. ಮನೆ ನಡೆಸುವವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಫಿರಂಗಿ ಎಷ್ಟೇ ದೊಡ್ಡದಿರಲಿ, ಹಿಟ್ಟು ಮತ್ತು ನೀರು ಮುಗಿದ ದಿನ ಕೋಟೆಯೂ ಮುಗಿಯಿತು.

ಮುಂದಿನ ಸುಲ್ತಾನರಲ್ಲಿ ಒಬ್ಬನಾದ ಕಾನ್ಸೂ ಅಲ್-ಗೂರಿ ಈ ಕೋಟೆಯನ್ನು ಇನ್ನಷ್ಟು ಬಲಪಡಿಸಿದ. ಕೋಟೆಯಿಂದ ಆಯುಧಗಳನ್ನು ಹೊರಗೆ ಒಯ್ಯಬಾರದೆಂಬ ಕಟ್ಟುನಿಟ್ಟಿನ ಆಜ್ಞೆಯನ್ನು ಕಲ್ಲಿನಲ್ಲಿ ಕೆತ್ತಿಸಿ ಬಾಗಿಲಲ್ಲಿ ನಿಲ್ಲಿಸಿದ. ಅಂಥ ಆಜ್ಞೆ ಬೇಕಾಯಿತೆಂದರೆ ಆಗಲೇ ಆಯುಧಗಳು ಕಾಣೆಯಾಗುತ್ತಿದ್ದವು ಎಂದೇ ಅರ್ಥವಲ್ಲವೇ?

ಕಾವಲು ಕಾದ ದಿಕ್ಕು, ಶತ್ರು ಬಂದ ದಿಕ್ಕು

ಇಷ್ಟೆಲ್ಲ ನೋಡಿದ ಮೇಲೆ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಈ ಕೋಟೆ ಯಾರನ್ನು ತಡೆಯಿತು?

ಇತಿಹಾಸದ ಉತ್ತರ ಯೋಚನೆಗೆ ಹಚ್ಚುತ್ತದೆ. ಕಾಯ್ತ್‌ಬಾಯ್ ತೀರಿಕೊಂಡ ಎರಡೇ ವರ್ಷದಲ್ಲಿ, 1498ರಲ್ಲಿ, ವಾಸ್ಕೋ ಡ ಗಾಮ ಆಫ್ರಿಕಾವನ್ನು ಬಳಸಿಕೊಂಡು ಕಲ್ಲಿಕೋಟೆಯ ಬಳಿ ಇಳಿದ. ಇಸ್ಕಂದರಿಯ್ಯವನ್ನು ಮುಟ್ಟದೆಯೇ ಯುರೋಪಿಗೆ ಮೆಣಸು ಒಯ್ಯುವ ದಾರಿ ತೆರೆಯಿತು. ಕಾವಲು ಇದ್ದದ್ದು ಮೆಡಿಟರೇನಿಯನ್ನಿನ ಕಡೆಗೆ, ಪೆಟ್ಟು ಬಿದ್ದದ್ದು ನಮ್ಮ ಅರಬಿ ಸಮುದ್ರದಲ್ಲಿ. ಪೋರ್ಚುಗೀಸರನ್ನು ತಡೆಯಲು ಕೈರೋ ಕಳಿಸಿದ ನೌಕಾಪಡೆ 1509ರಲ್ಲಿ ಗುಜರಾತಿನ ದಿಯು ಬಳಿ ಸೋತಿತು.

1516ರಲ್ಲಿ ಉಸ್ಮಾನಿ ಸುಲ್ತಾನ ಸಲೀಮ್ ಬಂದ. ಸಮುದ್ರದಿಂದಲ್ಲ, ನೆಲದ ದಾರಿಯಿಂದ. ಅಲೆಪ್ಪೊ ಬಳಿಯ ಮರ್ಜ್ ದಾಬಿಕ್‌ನಲ್ಲಿ ಅಲ್-ಗೂರಿ ಪ್ರಾಣ ಕಳೆದುಕೊಂಡ. 1517ರ ಜನವರಿಯಲ್ಲಿ ಕೈರೋ ಕೈಬಿಟ್ಟಿತು. ಕೋಟೆ ಅಲ್ಲೇ ಇತ್ತು, ಕಡಲನ್ನೇ ನೋಡುತ್ತಾ.

1798ರ ಜುಲೈಯಲ್ಲಿ ನೆಪೋಲಿಯನ್ ಬಂದ. ಕೋಟೆಯ ಎದುರಿಗೆ ಬರಲಿಲ್ಲ. ಊರಿನ ಪಶ್ಚಿಮಕ್ಕೆ ದೂರದ ಕಡಲತೀರದಲ್ಲಿ ರಾತ್ರಿ ಸೈನ್ಯ ಇಳಿಸಿ, ನಡೆದು ಬಂದು ಊರು ಹಿಡಿದ. 19ನೇ ಶತಮಾನದ ಆರಂಭದಲ್ಲಿ ಮುಹಮ್ಮದ್ ಅಲಿ ಪಾಶಾ ಕೋಟೆಗೆ ಹೊಸ ಫಿರಂಗಿ ಕೂರಿಸಿದ. 1882ರ ಜುಲೈ 11ರಂದು ಬ್ರಿಟಿಷ್ ಯುದ್ಧನೌಕೆಗಳು ದೂರದಲ್ಲೇ ನಿಂತು ಊರಿನ ಮೇಲೆ ಗುಂಡಿನ ಮಳೆಗರೆದವು. ಅವುಗಳ ಫಿರಂಗಿಗಳೆದುರು 400 ವರ್ಷ ಹಳೆಯ ಗೋಡೆ ಏನು ಮಾಡೀತು? ಕೋಟೆ ತೀವ್ರವಾಗಿ ಜಖಂಗೊಂಡಿತು.

ಹಾಗಾದರೆ ಕಾಯ್ತ್‌ಬಾಯ್ ಮಾಡಿದ್ದು ವ್ಯರ್ಥವೇ? ಹಾಗೆ ಹೇಳಲಾಗದು. ಒಟ್ಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡುವುದನ್ನು ನಮಗೆ ಪ್ರವಾದಿ(ಸ)ರು ಕಲಿಸಿದ್ದಾರೆ. ಪ್ರಜೆಗಳನ್ನು ಕಾಪಾಡುವುದು ಆಡಳಿತಗಾರನ ಕರ್ತವ್ಯ. 1365ರ ಲೂಟಿಯನ್ನು ನೆನೆದರೆ ಆ ಗೋಡೆ ಬೇಕೇ ಇತ್ತು. ಆದರೆ ಗೋಡೆಯೊಂದೇ ಸಾಕೆಂದು ಯಾರೂ ಭಾವಿಸಬಾರದು. ಅಣ್ಣತಮ್ಮಂದಿರೊಳಗೆ ಹಗೆ ಬೆಳೆದಾಗ, ಜನರ ಮೇಲೆ ತೆರಿಗೆಯ ಹೊರೆ ಹೆಚ್ಚಿದಾಗ, ಲೋಕದ ದಾರಿಗಳು ಬದಲಾಗುವುದನ್ನು ಗಮನಿಸದೆ ಕುಳಿತಾಗ, 30 ಮೀಟರಿನ ಬುರುಜು ಯಾವ ರಾಜ್ಯವನ್ನೂ ಉಳಿಸಲಾರದು. 1485ರಿಂದ 1491ರ ವರೆಗೆ ಉಸ್ಮಾನಿಗಳೊಂದಿಗೆ ನಡೆದ ಯುದ್ಧ ಕಾಯ್ತ್‌ಬಾಯ್‌ನ ಬೊಕ್ಕಸವನ್ನು ಬರಿದು ಮಾಡಿತು. ಅದರ ಭಾರ ಬಿದ್ದದ್ದು ಪ್ರಜೆಗಳ ಹೆಗಲ ಮೇಲೆ.

ಉಳಿದದ್ದು ಏನು?

ಇದೇ ಸುಲ್ತಾನನ ಇನ್ನೊಂದು ಮುಖ ನೋಡಿ. 1481ರಲ್ಲಿ ಮದೀನಾದ ಮಸ್ಜಿದುನ್ನಬವಿಗೆ ಸಿಡಿಲು ಬಡಿದು ಬೆಂಕಿ ಹತ್ತಿ ಬಹುಭಾಗ ಸುಟ್ಟುಹೋಯಿತು. ಸುದ್ದಿ ಕೇಳಿದ ಕಾಯ್ತ್‌ಬಾಯ್ ಕುಶಲಕರ್ಮಿಗಳನ್ನೂ ಹಣವನ್ನೂ ಕಳಿಸಿ ಮಸೀದಿಯನ್ನು ಮತ್ತೆ ಕಟ್ಟಿಸಿದ. ಅದರ ಹಿಂದಿನ ವರ್ಷವಷ್ಟೇ ಆತ ಹಜ್ಜ್ ನಿರ್ವಹಿಸಿ ಮರಳಿದ್ದ. ಮಕ್ಕಾದ ಹರಮ್ ಪಕ್ಕದಲ್ಲಿ ಮದ್ರಸಾ ಕಟ್ಟಿಸಿದ. ಜೆರುಸಲೇಮಿನಲ್ಲಿ, ಮಸ್ಜಿದುಲ್ ಅಕ್ಸಾದ ಆವರಣದಲ್ಲಿ, ದಾರಿಹೋಕರಿಗೆ ನೀರು ಕೊಡುವ ಸಬೀಲ್ ಕಟ್ಟಿಸಿದ. ಕೆತ್ತನೆಯ ಕಲ್ಲಿನ ಗುಮ್ಮಟದ ಆ ಸಬೀಲ್ ಇಂದಿಗೂ ಅಲ್ಲಿದೆ. ಕೈರೋದಲ್ಲಿ ಆತ ಕಟ್ಟಿಸಿದ ಮಸೀದಿಯ ಚಿತ್ರ ಈಜಿಪ್ಟಿನ ಒಂದು ಪೌಂಡಿನ ನೋಟಿನಲ್ಲಿ ಅಚ್ಚಾಯಿತು.

ಅವನ ಮಡದಿ ಫಾತಿಮಾ ಅಲ್-ಖಾಸ್‌ಬಕಿಯ್ಯಳ ಹೆಸರನ್ನೂ ಇಲ್ಲಿ ಹೇಳಬೇಕು. ಆಕೆ ಅರಮನೆಯ ಪರದೆಯ ಹಿಂದಿನ ಗೊಂಬೆಯಾಗಿರಲಿಲ್ಲ. ತನ್ನ ಹೆಸರಿನಲ್ಲೇ ಜಮೀನು, ಕಟ್ಟಡಗಳನ್ನು ಖರೀದಿಸಿ, ವ್ಯವಹಾರ ನೋಡಿಕೊಂಡು, ವಕ್ಫ್ ಮಾಡಿದವಳು. ಆಕೆಯ ದಸ್ತಾವೇಜುಗಳನ್ನು ಇಂದಿನ ಇತಿಹಾಸಕಾರರು ಅಧ್ಯಯನ ಮಾಡಿ ಪ್ರತ್ಯೇಕ ಪ್ರಬಂಧವನ್ನೇ ಬರೆದಿದ್ದಾರೆ. ಹೆಣ್ಣಿನ ಆಸ್ತಿ ಹೆಣ್ಣಿನದೇ ಎಂಬ ಶರೀಅತ್ತಿನ ನಿಯಮ 15ನೇ ಶತಮಾನದ ಕೈರೋದಲ್ಲಿ ಕಾಗದದ ಮೇಲಷ್ಟೇ ಉಳಿದಿರಲಿಲ್ಲ ಎಂಬುದಕ್ಕೆ ಆಕೆ ಸಾಕ್ಷಿ.

ಇನ್ನೊಂದು ಸ್ವಾರಸ್ಯ. ಇದೇ ಸುಲ್ತಾನ ನೈಲ್ ನದಿ ಸಮುದ್ರ ಸೇರುವಲ್ಲಿ, ರಶೀದ್ ಎಂಬ ಊರಿನ ಬಳಿ, ಇನ್ನೊಂದು ಕೋಟೆ ಕಟ್ಟಿಸಿದ್ದ. ಅದರ ಗೋಡೆಗೂ ಹಳೆಯ ಕಲ್ಲುಗಳನ್ನೇ ಬಳಸಿದ್ದರು. 1799ರಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ದುರಸ್ತಿ ಮಾಡುತ್ತಿದ್ದಾಗ ಅಕ್ಷರ ಕೆತ್ತಿದ ಕಪ್ಪು ಕಲ್ಲೊಂದು ಸಿಕ್ಕಿತು. ಒಂದೇ ಆಜ್ಞೆ ಮೂರು ಲಿಪಿಗಳಲ್ಲಿ. ಅದೇ ರೊಸೆಟ್ಟಾ ಶಿಲೆ! ಫಿರ್‌ಔನರ ಕಾಲದ ಚಿತ್ರಲಿಪಿಯನ್ನು ಜಗತ್ತು ಮತ್ತೆ ಓದಲು ಕಲಿತದ್ದು ಆ ಕಲ್ಲಿನಿಂದ. ಆ ಕೋಟೆಯ ಹೆಸರು ಇಂದು ಜಗತ್ತಿಗೆ ಗೊತ್ತಿರುವುದು ಅದು ತಡೆದ ಶತ್ರುವಿನಿಂದಲ್ಲ, ಅದರ ಗೋಡೆಯಲ್ಲಿ ಉಳಿದ ಅಕ್ಷರಗಳಿಂದ.

ಗೇಣು ಹಾಕಿದವರು ಎಣಿಸಿದ್ದು

ಅಕ್ಷರದ ಮಾತು ಬಂದಾಗ ಇಬ್ನ್ ಬತೂತಾರನ್ನು ಮತ್ತೆ ನೆನೆಯೋಣ. ದೀಪಸ್ತಂಭವನ್ನು ನೋಡಿದ ಎರಡು ಭೇಟಿಗಳ ನಡುವೆ, 1340ರ ದಶಕದಲ್ಲಿ, ಅವರು ನಮ್ಮ ಕರಾವಳಿಗೂ ಬಂದಿದ್ದರು. ಮಂಗಳೂರಿನ ಮೆಣಸು, ಶುಂಠಿಯ ಬಗ್ಗೆ ಬರೆದಿದ್ದಾರೆ. ಹೊನ್ನಾವರದಲ್ಲಿ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದರು. ಅಲ್ಲಿ ಅವರನ್ನು ಸೆಳೆದದ್ದು ಕೋಟೆಯಲ್ಲ. ಊರಿನಲ್ಲಿ ಹುಡುಗರಿಗೆ 23 ಶಾಲೆಗಳು, ಹುಡುಗಿಯರಿಗೆ 13 ಶಾಲೆಗಳಿವೆ, ಇಲ್ಲಿನ ಸ್ತ್ರೀಯರಿಗೆ ಕುರ್‌ಆನ್ ಕಂಠಪಾಠವಿದೆ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂಬುದು ಅವರ ಬರವಣಿಗೆಯ ಸಾರ.

ಸ್ವಲ್ಪ ನಿಂತು ಯೋಚಿಸಿ. ಸಹೋದರಿಯರೇ, ಅವರು 140 ಗೇಣೆಂದು ಅಳೆದ ಗೋಪುರ ಸಮುದ್ರದ ಪಾಲಾಯಿತು. ಅದರ ಜಾಗದಲ್ಲಿ ಎದ್ದ ಕೋಟೆ ಯಾವ ಸುಲ್ತಾನನನ್ನೂ ಉಳಿಸಲಿಲ್ಲ. ಅವರು ಎಣಿಸಿದ 13 ಶಾಲೆಗಳ ಕಟ್ಟಡಗಳೂ ಇಂದಿಲ್ಲ. ಆದರೆ ತಾಯಿಯೊಬ್ಬಳು ಮಗಳಿಗೆ ಅಲಿಫ್, ಬಾ ಹೇಳಿಕೊಟ್ಟ ಪರಂಪರೆ ನಮ್ಮ ಕರಾವಳಿಯಲ್ಲಿ ನಿಂತಿಲ್ಲ. ಇಂದು ಸಂಜೆಯೂ ಎಷ್ಟೋ ಮನೆಗಳ ಜಗಲಿಯಲ್ಲಿ ಆ ಸ್ವರ ಕೇಳುತ್ತದೆ. ಮದ್ರಸಾದಲ್ಲಿ ಎದುರಿಗೆ ಕುಳಿತ ಪುಟ್ಟ ಹುಡುಗಿ ತಪ್ಪಿಲ್ಲದೆ ಒಂದು ಸೂರಾ ಒಪ್ಪಿಸಿದಾಗ, ಇದು ಏಳು ನೂರು ವರ್ಷಗಳ ಹಿಂದೆ ಒಬ್ಬ ಪ್ರವಾಸಿಯನ್ನು ಬೆರಗುಗೊಳಿಸಿದ ಸ್ವರವೇ ಎಂದು ನನಗೆ ಅನಿಸುವುದುಂಟು. ಹದಿಮೂರು ಶಾಲೆಗಳಿದ್ದ ನಾಡಿನಲ್ಲಿ ಹೆಣ್ಣುಮಗಳನ್ನು ಓದಿನಿಂದ ಅರ್ಧದಲ್ಲೇ ಬಿಡಿಸುವ ಮನೆ ಇದ್ದರೆ, ಆ ಮನೆಯವರಿಗೆ ಈ ಲೆಕ್ಕವನ್ನು ತಿಳಿಸಿ.

ಇಂದಿನ ಕೋಟೆ, ಎಂದಿನ ಕಡಲು

1952ರ ಕ್ರಾಂತಿಯ ನಂತರ ಕೋಟೆ ನೌಕಾ ವಸ್ತುಸಂಗ್ರಹಾಲಯವಾಯಿತು. 1984ರಲ್ಲಿ ಈಜಿಪ್ಟಿನ ಪುರಾತತ್ವ ಇಲಾಖೆ ದೊಡ್ಡ ಮಟ್ಟದಲ್ಲಿ ಜೀರ್ಣೋದ್ಧಾರ ಮಾಡಿತು. 1994ರಿಂದ ಜೀನ್-ಈವ್ ಎಂಪರರ್ ಎಂಬ ಫ್ರೆಂಚ್ ಪುರಾತತ್ವಜ್ಞರ ತಂಡ ಕೋಟೆಯ ಬುಡದ ನೀರಿನಲ್ಲಿ ಮುಳುಗಿ ಸಾವಿರಾರು ಕಲ್ಲು, ಕಂಬ, ಪ್ರತಿಮೆಗಳನ್ನು ಗುರುತಿಸಿತು. ಅವುಗಳಲ್ಲಿ ದೀಪಸ್ತಂಭದ ಕಲ್ಲುಗಳೂ ಇವೆ. 2025ರಲ್ಲಿ ಅದರ ಬಾಗಿಲಿನದೆನ್ನಲಾದ ಭಾರೀ ಕಲ್ಲುಗಳು ಸೇರಿ 22 ಬಂಡೆಗಳನ್ನು ಮೇಲೆತ್ತಿ, ಅಳೆದು, ಕಂಪ್ಯೂಟರಿನಲ್ಲಿ ಗೋಪುರವನ್ನು ಮತ್ತೆ ಜೋಡಿಸುವ ಕೆಲಸಕ್ಕೆ ಬಳಸಿಕೊಂಡರು.

ಕೋಟೆಗೆ ಈಗಿರುವ ಶತ್ರು ಹಡಗಿನಲ್ಲಿ ಬರುವವನಲ್ಲ. ಚಳಿಗಾಲದ ಬಿರುಗಾಳಿಗೆ ಏಳುವ ಅಲೆಗಳು ಕೆಳಗಿನ ಬಂಡೆಯನ್ನೇ ಕೊರೆಯುತ್ತವೆ. ಸಮುದ್ರದ ಮಟ್ಟವೂ ಏರುತ್ತಿದೆ. ಅಲೆಗಳನ್ನು ತಡೆಯಲು ಸುತ್ತ ಕಾಂಕ್ರೀಟ್ ದಿಮ್ಮಿಗಳನ್ನು ಇಳಿಸಿದ್ದಾರೆ. ದೀಪಸ್ತಂಭವನ್ನು ಕಾಪಾಡಲು ದುರಸ್ತಿ ಮಾಡಿಸುತ್ತಿದ್ದ ಹಳೆಯ ಸುಲ್ತಾನರ ಕೆಲಸ ಈಗ ಇಂಜಿನಿಯರರ ಪಾಲಿಗೆ ಬಂದಿದೆ.

ಭೂಮಿಯಲ್ಲಿ ತಿರುಗಾಡಿ ಹಿಂದಿನವರ ಗತಿಯನ್ನು ಕಣ್ಣಾರೆ ನೋಡುವುದು ನಮ್ಮ ಧರ್ಮ ಮೆಚ್ಚಿದ ಕೆಲಸ. ಉಮ್ರಾ ಮುಗಿಸಿ ಈಜಿಪ್ಟ್ ಮಾರ್ಗವಾಗಿ ಬರುವ ಅವಕಾಶ ನಿಮ್ಮಲ್ಲಿ ಯಾರಿಗಾದರೂ ಸಿಕ್ಕರೆ ಒಂದು ದಿನವನ್ನು ಇಸ್ಕಂದರಿಯ್ಯಕ್ಕೆ ಇಡಿ. ಬೆಳಿಗ್ಗೆಯೇ ಹೋಗಿ, ಬಿಸಿಲೇರುವ ಮುನ್ನ ಬುರುಜು ಹತ್ತಿಳಿಯಬಹುದು. ಮೆಟ್ಟಿಲುಗಳು ಕಡಿದಾಗಿವೆ, ವಯಸ್ಸಾದವರಿದ್ದರೆ ಕೆಳಗಿನ ಮಸೀದಿಯಲ್ಲೇ ಕುಳಿತು ವಿಶ್ರಮಿಸಲಿ. ಫಿರಂಗಿ ಕಂಡಿಯಿಂದ ಕಡಲು ನೋಡುವುದನ್ನು ಎಲ್ಲರೂ ಮಾಡುತ್ತಾರೆ. ನೀವು ಮಸೀದಿಯ ಅಂಗಳದ ಆ ತೆರಪಿನ ಕೆಳಗೆ ನಿಂತು ಮೇಲೆ ನೋಡಿ. ಇಷ್ಟು ದಪ್ಪ ಗೋಡೆಗಳ ನಡುವೆಯೂ ಕಟ್ಟಿದವರು ಬೆಳಕು ಇಳಿಯಲು ಒಂದು ದಾರಿಯನ್ನು ತೆರೆದಿಟ್ಟಿದ್ದಾರೆ.